ಸೋತ ವಿನ್ಯಾಸಕ್ಕೆ ಕೂಲಿ ಯಾರು ಕೊಡಬೇಕು?

ರೂಪಾಯಿ ಚಿಹ್ನೆಗಾಗಿ ಕೇಂದ್ರ ಸರ್ಕಾರ 2009ರಲ್ಲಿ ಸ್ಪರ್ಧೆ ಕರೆದಾಗ 3,000ಕ್ಕೂ ಹೆಚ್ಚು ವಿನ್ಯಾಸಗಳು ಬಂದವು. 2010ರ ಜುಲೈನಲ್ಲಿ ಡಿ. ಉದಯಕುಮಾರ್ ಅವರದು ಆಯ್ಕೆಯಾಯಿತು, ಬಹುಮಾನ 2.5 ಲಕ್ಷ. ದೇಶದ ಗುರುತಿಗೆ ದೇಶವನ್ನೇ ಕೇಳಿದ್ದು ಸರಿ. ಆದರೆ ಈಗ ಬೇಕರಿಯ ಲೋಗೋಗೂ ಅದೇ ಪದ್ಧತಿ. 99ಡಿಸೈನ್ಸ್‌ನಂಥ ತಾಣದಲ್ಲಿ ಗ್ರಾಹಕ ಬಹುಮಾನ ಘೋಷಿಸುತ್ತಾನೆ, ಹತ್ತಾರು ಮಂದಿ ವಿನ್ಯಾಸ ಮಾಡಿ ಕಳಿಸುತ್ತಾರೆ, ಹಣ ಸಾಮಾನ್ಯವಾಗಿ ಗೆದ್ದ ಒಬ್ಬರಿಗೆ. ಶಿಫಾರಸಿಲ್ಲದ ಹೊಸಬರಿಗೆ ಬಾಗಿಲು ತೆರೆಯುತ್ತದೆ ಎಂಬುದು ನಿಜವೇ.

ಆದರೂ ಹತ್ತು ದರ್ಜಿಗಳಿಂದ ಅಂಗಿ ಹೊಲಿಸಿ, ಒಪ್ಪಿದ್ದಕ್ಕಷ್ಟೇ ದುಡ್ಡು ಕೊಡುವವನನ್ನು ಯಾವ ಪೇಟೆ ಸಹಿಸೀತು? (ಅಂಗಿಯನ್ನಾದರೂ ಇನ್ನೊಬ್ಬರಿಗೆ ಮಾರಬಹುದು, ಒಂದು ಅಂಗಡಿಯ ಹೆಸರಿಗೆ ಬಿಡಿಸಿದ ಲೋಗೋವನ್ನು ಯಾರು ಕೊಳ್ಳುತ್ತಾರೆ?) ಹಳೆಯ ಕೆಲಸ ನೋಡಿ ನಾಲ್ವರನ್ನು ಆರಿಸಲಿ, ಕರಡು ಮಾಡಿದ್ದಕ್ಕೆ ನಾಲ್ವರಿಗೂ ಕೂಲಿ ಸಲ್ಲಲಿ. ಗ್ರಾಹಕನ ಖರ್ಚು ತುಸು ಏರುತ್ತದೆ. ಏರಲಿ.