ಕಾಗದ ಕಟ್ಟಿಡುವುದು ಮನೆ ಮುರಿಯುವುದಲ್ಲ

ಗಂಡಹೆಂಡಿರು ಬೇರಾಗುವ ಪ್ರಸಂಗ ಬಂದಾಗ ಬುದ್ಧಿವಾದ ಹೇಳಲು ಹತ್ತು ಮಂದಿ ಸೇರುತ್ತಾರೆ. ಕಾಗದಪತ್ರ ಯಾರ ಕೈಯಲ್ಲಿದೆ ಎಂದು ಕೇಳುವವರು ಮಾತ್ರ ಇಲ್ಲ. ಕೇಳಿದರೆ ಮನೆ ಮುರಿಸಿದ ಅಪವಾದ ಬರುತ್ತದೆಂಬ ಭಯ. ಈ ಸಂಕೋಚವನ್ನು ಬಿಡಬೇಕೆಂಬುದು ನಮ್ಮ ಅಭಿಪ್ರಾಯ.

ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡಿಗರು ನಮ್ಮಂತೆಯೇ ಗಡಿಯಾಚೆ ಉಳಿದವರು. 1967ರ ಮಹಾಜನ ವರದಿಯು ಅಕ್ಕಲಕೋಟೆ ತಾಲೂಕನ್ನೂ ಚಂದ್ರಗಿರಿಯ ಉತ್ತರದ ಕಾಸರಗೋಡನ್ನೂ ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತ್ತು. ಅದು ಜಾರಿಗೆ ಬರಲಿಲ್ಲ. ಆದರೆ ಹೆಣ್ಣು ಕೊಟ್ಟು ತರುವುದಕ್ಕೆ ಗಡಿ ಅಡ್ಡ ಬಂದಿಲ್ಲ. ಅಕ್ಕಲಕೋಟೆಯ ಹುಡುಗಿ ಇಂಡಿಗೋ ಆಳಂದಕ್ಕೋ ಅಫಜಲಪುರಕ್ಕೋ ಸೊಸೆಯಾಗಿ ಹೋಗುತ್ತಾಳೆ. ಸಂಸಾರ ಒಡೆದು ತವರಿಗೆ ಬಂದರೆ ಅವಳ ರೇಷನ್ ಕಾರ್ಡು, ಮದುವೆ ನೋಂದಣಿ, ಮಗುವಿನ ಜನನ ದಾಖಲೆ ಎಲ್ಲವೂ ಕರ್ನಾಟಕದಲ್ಲಿ, ಕನ್ನಡದಲ್ಲಿ. ತವರಿನ ಕಚೇರಿ, ಕೋರ್ಟುಗಳ ಭಾಷೆಯೋ ಮರಾಠಿ.

ಉಪಾಧ್ಯಾಯರಾದ ನಮ್ಮ ಕಣ್ಣಿಗೆ ಮೊದಲು ಬೀಳುವುದು ಮಗು. ಹಿಂದಿನ ಶಾಲೆಯ ವರ್ಗಾವಣೆ ಪತ್ರ ಬರಲಿಲ್ಲವೆಂದು ಅದನ್ನು ಮನೆಯಲ್ಲಿ ಕೂರಿಸುವುದು ಸಲ್ಲದು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ, ಎಂಟನೆಯ ತರಗತಿಯವರೆಗೆ, ಆ ಪತ್ರ ತಡವಾದುದು ಸರಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಪ್ರವೇಶ ನಿರಾಕರಿಸಲು ಕಾರಣವಾಗದು. ಮುಖ್ಯೋಪಾಧ್ಯಾಯರೇ ಇದನ್ನು ತಾಯಿಗೆ ತಿಳಿಸಬೇಕು.

ಎರಡನೆಯದು, ಸಹಿಯ ವಿಚಾರ. ಮರಾಠಿಯಲ್ಲಿ ‘ಸೋಡಚಿಠ್ಠಿ’ ಎನ್ನುವ ಬಿಡುಗಡೆ ಪತ್ರವನ್ನು ಪಂಚರ ಮುಂದೆ ಸ್ಟಾಂಪು ಕಾಗದದಲ್ಲಿ ಬರೆಸಿದೊಡನೆ ಎಲ್ಲ ಮುಗಿಯಿತೆಂದು ತಿಳಿಯುವವರಿದ್ದಾರೆ. 1955ರ ಹಿಂದೂ ವಿವಾಹ ಕಾಯಿದೆಗೆ ಒಳಪಟ್ಟವರಿಗೆ, ಕಾನೂನು ಒಪ್ಪುವ ರೂಢಿ ಇದ್ದುದು ಸಿದ್ಧವಾಗದ ಹೊರತು, ಕೋರ್ಟಿನ ತೀರ್ಪಿಲ್ಲದೆ ವಿಚ್ಛೇದನವಿಲ್ಲ. ಓದಲು ಬಾರದ ಭಾಷೆಯ ಕಾಗದಕ್ಕೆ ಯಾರು ಒತ್ತಾಯಿಸಿದರೂ ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕಬಾರದು.

ದಾವೆ ಹೂಡಲು ಗಂಡನ ಊರಿಗೇ ಅಲೆಯಬೇಕಾಗಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸಿಸುವ ಊರಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಜೀವನಾಂಶದ ಮೊಕದ್ದಮೆಗಳಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಕೊಡಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿಧಿಸಿದೆ. ಲೆಕ್ಕ ಬರೆದಿಡದವಳು ಅಲ್ಲಿ ಏನು ತೋರಿಸಿಯಾಳು?

ಆದುದರಿಂದ ಒಂದು ಚೀಲ ಸಾಕು. ಮದುವೆಯ ಕರೆಯೋಲೆ ಮತ್ತು ಫೋಟೋ, ಆಧಾರ್, ಜನನ ದಾಖಲೆಗಳು, ಬ್ಯಾಂಕಿನ ಪಾಸ್ ಪುಸ್ತಕ, ಚಿನ್ನದ ರಶೀದಿ, ವೈದ್ಯರ ಚೀಟಿಗಳು ಅದರಲ್ಲಿರಲಿ. ಸೊಲ್ಲಾಪುರದಲ್ಲೂ ನಮ್ಮಲ್ಲೂ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಅವರ ಗುರುತು ಚೀಟಿಯೂ ಇರಲಿ. ಪ್ರತಿಗಳನ್ನು ನಂಬಿಕಸ್ಥರಲ್ಲಿ ಇಡಲಿ. ಮನೆಖರ್ಚು, ಮಗುವಿನ ಫೀಸು, ಗಂಡ ಕೊಟ್ಟ ಹಣವನ್ನು ತಾರೀಖು ಸಹಿತ ನೋಟುಪುಸ್ತಕದಲ್ಲಿ ಬರೆಯಲಿ. ಮುಂದೆ ರಾಜಿಯಾದರೆ ಈ ಚೀಲದಿಂದ ಯಾರಿಗೂ ನಷ್ಟವಿಲ್ಲ; ಆಗದಿದ್ದರೆ ಅದೇ ಅವಳ ಆಧಾರ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು ಆದಾಯ ನೋಡದೆ ಮಹಿಳೆಗೆ ಉಚಿತ ವಕೀಲರ ನೆರವು ನೀಡುತ್ತದೆ, ದೂರವಾಣಿ 15100. ಆದರೆ ನೆರವು ಅವಳಿಗೆ ತಿಳಿಯುವ ಭಾಷೆಯಲ್ಲಿ ಸಿಗದಿದ್ದರೆ ಹಕ್ಕು ಕಾಗದದಲ್ಲೇ ಉಳಿದೀತು. ಅಕ್ಕಲಕೋಟೆಯಲ್ಲಿ ಕನ್ನಡ ಬಲ್ಲ, ಇಲ್ಲಿಯೂ ಕನ್ನಡ ಮಲಯಾಳ ಎರಡೂ ಬಲ್ಲ ಸಹಾಯಕರನ್ನು ಸರಕಾರಗಳು ನೇಮಿಸಲಿ. ಅಲ್ಲಿಯವರೆಗೆ ಅರ್ಜಿಯನ್ನು ಓದಿ ಹೇಳುವ ಕೆಲಸವನ್ನು ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರಾದ ನಾವೇ ವಹಿಸಿಕೊಳ್ಳೋಣ.