ಕಳಪೆ ಪ್ರಬಂಧ ತೋರಿಸಿ ಸಂಶೋಧನೆಯನ್ನೇ ತಳ್ಳಿಹಾಕುವುದೇ?

ಪತ್ರಿಕೋದ್ಯಮ ವಿಭಾಗಗಳ ಪಿಎಚ್‌ಡಿ ಪ್ರಬಂಧಗಳಿಂದ ಸುದ್ದಿಮನೆಗೆ ಕಿಂಚಿತ್ತೂ ಉಪಯೋಗವಿಲ್ಲ, ಅವಕ್ಕೆ ಹಣ ಸುರಿಯುವುದು ದಂಡ ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ದೂಳು ತಿನ್ನುವ ಕಳಪೆ ಪ್ರಬಂಧಗಳು ಬೇಕಾದಷ್ಟಿವೆ, ಒಪ್ಪೋಣ. ಆದರೆ ಮಾಧ್ಯಮಗಳು ‘ಅಜೆಂಡಾ’ ನಿಗದಿ ಮಾಡುತ್ತವೆ ಎಂದು ಅದೇ ಲೇಖನ ಹೇಳುತ್ತದಲ್ಲ, ಆ ಕಲ್ಪನೆಗೆ ಆಧಾರ ಒದಗಿಸಿದ್ದು ವಿಶ್ವವಿದ್ಯಾಲಯದ ಸಂಶೋಧನೆಯೇ. 1968ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಸಂಶೋಧಕರಾದ ಮೆಕೂಂಬ್ಸ್ ಮತ್ತು ಶಾ, ಅಲ್ಲಿನ ಚಾಪೆಲ್ ಹಿಲ್‌ನಲ್ಲಿ ಯಾರಿಗೆ ಮತವೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ಅವರು ಮುಖ್ಯವೆಂದ ವಿಷಯಗಳನ್ನು ಪತ್ರಿಕೆ, ಟಿವಿಗಳು ಒತ್ತುಕೊಟ್ಟ ವಿಷಯಗಳ ಜೊತೆ ತಾಳೆ ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ! 1972ರಲ್ಲಿ ಪ್ರಕಟವಾದ ಆ ಅಧ್ಯಯನ ಮುಖಪುಟ ಕಟ್ಟುವವರ ಹೊಣೆ ಎಷ್ಟು ದೊಡ್ಡದೆಂದು ತೋರಿಸಿತು.

‘ನಮ್ಮ ನೆಲದಲ್ಲಿ ಇಂಥದ್ದೇನೂ ನಡೆದಿಲ್ಲ’ ಎಂಬ ಮಾತೂ ಸರಿಯಲ್ಲ. 1975–76ರ ‘ಸೈಟ್’ ಉಪಗ್ರಹ ಟಿವಿ ಪ್ರಯೋಗ ಕರ್ನಾಟಕವೂ ಸೇರಿ ಆರು ರಾಜ್ಯಗಳ ಹಳ್ಳಿಗಳನ್ನು ಮುಟ್ಟಿತು. ಟಿವಿ ಅಲ್ಲಿ ಏನು ಬದಲಿಸಿತೆಂದು ತಿಳಿಯಲು ಮಾನವಶಾಸ್ತ್ರಜ್ಞರು ಹಳ್ಳಿಗಳಲ್ಲೇ ಬಿಡಾರ ಹೂಡಿದ್ದರು.

ಸಂಶೋಧಕರಿಗೆ ಸುದ್ದಿಮನೆ ಗೊತ್ತಿಲ್ಲ ಎಂಬ ದೂರಿದೆ. ಹಳೆಯ ಸಂಚಿಕೆ, ಓದುಗರ ಮಾಹಿತಿ ಕೇಳಿ ಬಂದ ವಿದ್ಯಾರ್ಥಿಯನ್ನು ಸ್ವಾಗತಕಾರರ ಮೇಜಿನಿಂದಲೇ ವಾಪಸು ಕಳಿಸುವ ಸಂಸ್ಥೆಗಳು ಮೊದಲು ಬಾಗಿಲು ತೆರೆಯಲಿ.