ಶಾರ್ಕ್ ಹಲ್ಲಿಗಾಗಿ ಮುಳುಗುವ ಮುನ್ನ

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಊರಿಗೆ ಬಂದಾಗ ಅಂಗೈಯಗಲದ ಕಪ್ಪು ಹಲ್ಲೊಂದನ್ನು ನಿಮ್ಮ ಮುಂದಿಟ್ಟರೆ ಬೆಚ್ಚಬೇಡಿ. ಅದು ಮೆಗಲೊಡಾನ್ ಎಂಬ ದೈತ್ಯ ಶಾರ್ಕಿನ ಹಲ್ಲು. ಸುಮಾರು 36 ಲಕ್ಷ ವರ್ಷಗಳ ಹಿಂದೆಯೇ ನಿರ್ನಾಮವಾದ ಈ ಮೀನಿನ ಹಲ್ಲುಗಳು ಕಲ್ಲಾಗಿ, ಫ್ಲಾರಿಡಾದ ವೆನಿಸ್ ಕರಾವಳಿಯಲ್ಲಿ, ದಕ್ಷಿಣ ಕೆರೊಲಿನಾದ ಕೂಪರ್ ನದಿಯ ತಳದಲ್ಲಿ, ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ಊರಿನಾಚೆಯ ಸಮುದ್ರದಲ್ಲಿ ಸಿಗುತ್ತವೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗಿ ಅವನ್ನು ಹೆಕ್ಕುವುದು ಅಲ್ಲಿ ಅನೇಕರ ಹವ್ಯಾಸ.

ಒಂದು ಕಾಲದಲ್ಲಿ ಯುರೋಪಿನ ಜನ ಈ ಹಲ್ಲುಗಳನ್ನು ‘ನಾಲಿಗೆ ಕಲ್ಲು’ ಎಂದು ಕರೆದು, ವಿಷಕ್ಕೆ ಮದ್ದೆಂದು ನಂಬಿ ಧರಿಸುತ್ತಿದ್ದರು. 1666ರಲ್ಲಿ ನಿಕೊಲಸ್ ಸ್ಟೆನೊ ಎಂಬ ಅಂಗರಚನಾ ತಜ್ಞ ಇಟಲಿಯಲ್ಲಿ ಶಾರ್ಕಿನ ತಲೆಯೊಂದನ್ನು ಕೊಯ್ದು ನೋಡಿ, ಇವು ಶಾರ್ಕಿನ ಹಲ್ಲುಗಳೇ ಎಂದು ವಾದಿಸಿದ. ಅಂದು ಆರೋಗ್ಯಕ್ಕಾಗಿ ಬಯಸಿದ ವಸ್ತುವಿಗಾಗಿ ಇಂದು ಆರೋಗ್ಯವನ್ನೇ ಪಣಕ್ಕಿಡುವವರಿದ್ದಾರೆ.

ಜೀವಂತ ಶಾರ್ಕ್ ಕಚ್ಚೀತೆಂದು ಮನೆಯವರು ಹೆದರುತ್ತಾರೆ. ನಿಜವಾದ ಅಪಾಯ ಉಸಿರಾಡುವ ಗಾಳಿಯಲ್ಲೇ ಇದೆ. ಪ್ರತಿ 10 ಮೀಟರ್ ಆಳಕ್ಕೆ ವಾಯುಮಂಡಲದ ಒತ್ತಡದಷ್ಟೇ ಒತ್ತಡ ಸೇರುತ್ತಾ ಹೋಗುತ್ತದೆ. 10 ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗುತ್ತದೆ. ಶ್ವಾಸಕೋಶ ಹರಿದು ಗಾಳಿ ರಕ್ತಕ್ಕೆ ನುಗ್ಗಿ ಮೆದುಳನ್ನು ತಲುಪಬಹುದು. ವೆನಿಸ್‌ನ ಆಳ ಬರೀ ಆರರಿಂದ ಹತ್ತು ಮೀಟರ್, ಅಲ್ಲೇನೂ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು ಸಾರಜನಕ. ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ಗುಳ್ಳೆಗಳು ಬುಸ್ಸೆಂದು ಏಳುವುದನ್ನು ನೀವು ನೋಡಿದ್ದೀರಿ. ಆಳದಲ್ಲಿದ್ದಷ್ಟು ಹೊತ್ತು ಸಾರಜನಕ ರಕ್ತ, ಕೊಬ್ಬು, ನರಗಳಲ್ಲಿ ಕರಗುತ್ತದೆ. ಅವಸರದಿಂದ ಮೇಲೆ ಬಂದರೆ ಅದೇ ರೀತಿ ಗುಳ್ಳೆಯಾಗುತ್ತದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ಒತ್ತಡದ ಗಾಳಿ ತುಂಬಿದ ಕೋಣೆಗಳಲ್ಲಿ ನದಿಯ ತಳ ಅಗೆದ ಕೂಲಿಗಳಿಗೆ ಈ ರೋಗ ಬಂತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದರಿಂದಲೇ ಹಾಸಿಗೆ ಹಿಡಿದ. ಕಾರಣ ಸಾರಜನಕದ ಗುಳ್ಳೆಗಳೆಂದು 1878ರಲ್ಲಿ ಫ್ರಾನ್ಸಿನ ಪಾಲ್ ಬರ್ಟ್ ತೋರಿಸಿಕೊಟ್ಟ. 1908ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಪಟ್ಟಿ ಪ್ರಕಟಿಸಿದ. ಇಂದು ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪುಟ್ಟ ಕಂಪ್ಯೂಟರ್ ಮಾಡುವುದೂ ಇದೇ ಲೆಕ್ಕವನ್ನು.

ಹಲ್ಲು ಹುಡುಕುವವರ ಬಗ್ಗೆ ನನಗೆ ವಿಶೇಷ ಆತಂಕ ಏಕೆಂದರೆ, ಈ ಲೆಕ್ಕವನ್ನು ಮರೆಸುವ ಶಕ್ತಿ ಆಸೆಗಿದೆ. ಹವಳ ನೋಡಲು ಇಳಿದವನ ಕಣ್ಣು ಆಗಾಗ ಮೀಟರಿನ ಮೇಲೆ ಬೀಳುತ್ತದೆ. ಹಲ್ಲು ಹುಡುಕುವವನ ಕಣ್ಣು ಮರಳಿನಲ್ಲೇ ನೆಟ್ಟಿರುತ್ತದೆ. ಇನ್ನೊಂದು ಸಿಕ್ಕೀತು, ಇನ್ನೂ ದೊಡ್ಡದು ಸಿಕ್ಕೀತು! ಕೂಪರ್ ನದಿಯ ನೀರು ಚಹಾದ ಕಷಾಯದಂತೆ ಕಪ್ಪು. ದೀಪವಿದ್ದರೂ ಕೈ ಚಾಚಿದಷ್ಟು ದೂರ ಕಾಣದು, ಜೊತೆಗಾರ ಎಲ್ಲಿದ್ದಾನೆಂದೂ ತಿಳಿಯದು, ಸೆಳೆತ ಬೇರೆ. ವಿಲ್ಮಿಂಗ್ಟನ್ ಬಳಿ ಆಳ ಸುಮಾರು 30 ಮೀಟರ್. ಅಲ್ಲಿ ಸಿಲಿಂಡರಿನ ಗಾಳಿ ಮೇಲಿಗಿಂತ ನಾಲ್ಕು ಪಟ್ಟು ಬೇಗ ಖಾಲಿಯಾಗುತ್ತದೆ. ಸಾಮಾನ್ಯ ಗಾಳಿ ಉಸಿರಾಡುವವನಿಗೆ ಅಲ್ಲಿರುವ ಅವಧಿ ಸುಮಾರು 20 ನಿಮಿಷ ಮಾತ್ರ. ಸಾಲದ್ದಕ್ಕೆ ಆ ಒತ್ತಡದ ಸಾರಜನಕ ಹೆಂಡದಂತೆ ವಿವೇಕವನ್ನು ಮಂಕುಗೊಳಿಸುತ್ತದೆ. ಗಾಳಿ ಮುಗಿಯಿತೆಂದು ಗಾಬರಿಯಿಂದ ಮೇಲಕ್ಕೆ ಚಿಮ್ಮಿದವನಿಗೆ ಮೇಲೆ ಹೇಳಿದ ಎರಡೂ ಅಪಾಯಗಳು ಒಟ್ಟಿಗೇ ಕಾದಿರುತ್ತವೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, ಕೊನೆಯ 5 ಮೀಟರಿನಲ್ಲಿ ಮೂರರಿಂದ ಐದು ನಿಮಿಷ ತಡೆದು ನಿಲ್ಲಬೇಕು. ಹಲ್ಲು ತುಂಬಿದ ಚೀಲವನ್ನು ಮೈಗೆ ಬಿಗಿಯಾಗಿ ಕಟ್ಟಿಕೊಳ್ಳುವುದು ಶುದ್ಧ ಮೂರ್ಖತನ. ಬೇಕೆಂದಾಗ ಕೈಬಿಡುವಂತಿರಬೇಕು.

ಇನ್ನು ವೈದ್ಯಕೀಯ ತಪಾಸಣೆ. ಮುಳುಗುವ ಮುನ್ನ ಒಂದು ಪ್ರಶ್ನಾವಳಿ ಕೊಡುತ್ತಾರೆ: ಉಬ್ಬಸವಿದೆಯೇ, ಮೂರ್ಛೆ ಬರುತ್ತದೆಯೇ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಎದೆನೋವು ಇದೆಯೇ ಎಂದು. ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವವರೇ ಹೆಚ್ಚು. ನಮ್ಮಲ್ಲೂ ನೇತ್ರಾಣಿ ದ್ವೀಪದ ಬಳಿ ಮುಳುಗಲು ಹೋಗುವ ಪ್ರವಾಸಿಗರು ಇದೇ ತಪ್ಪು ಮಾಡುತ್ತಾರೆ. ಕೇಳಿದವರಿಗೆಲ್ಲ, ಎದೆಗೆ ಸ್ಟೆತಾಸ್ಕೋಪ್ ಕೂಡ ಇಡದೆ ಸರ್ಟಿಫಿಕೇಟ್ ಬರೆದುಕೊಡುವ ನನ್ನ ವೃತ್ತಿಬಾಂಧವರೂ ಇದರಲ್ಲಿ ಪಾಲುದಾರರು. ನೀರಿನಲ್ಲಿ ಮುಳುಗಿದೊಡನೆ ಕೈಕಾಲುಗಳ ರಕ್ತ ಎದೆಗೆ ಸರಿದು ಹೃದಯಕ್ಕೆ ಹೊರೆಯಾಗುತ್ತದೆ. ನಡುವಯಸ್ಸು ದಾಟಿದ ಮುಳುಗುಗಾರರ ಸಾವುಗಳಲ್ಲಿ ಹೃದ್ರೋಗದ ಪಾಲು ದೊಡ್ಡದು. ಭಾರತೀಯರಿಗೆ ಹೃದ್ರೋಗ ಬೇಗನೆ ಬರುತ್ತದೆಂಬುದು ನಿಮಗೆ ಗೊತ್ತೇ ಇದೆ. ನಲವತ್ತು ದಾಟಿದವರು ಮೊದಲು ಹೃದಯ ತೋರಿಸಿಕೊಂಡು, ಆಮೇಲೆ ನೀರಿಗಿಳಿಯಲಿ.

ನೆಗಡಿಯಿದ್ದರೆ ಇಳಿಯಲೇಬೇಡಿ. ಆಗುಂಬೆ ಘಾಟಿ ಇಳಿಯುವಾಗಲೇ ಕಿವಿ ಗಡಚಿಕ್ಕುತ್ತದಲ್ಲವೇ? ನೀರಿನಲ್ಲಿ ಮೊದಲ ಕೆಲವೇ ಮೀಟರಿನಲ್ಲಿ ಕಿವಿಯ ತಮಟೆ ಹರಿಯಬಹುದು. ಮೂಗು ಬಿಡಿಸುವ ಮಾತ್ರೆ ನುಂಗಿ ಇಳಿಯುವುದೂ ಬೇಡ, ಅದರ ಪ್ರಭಾವ ಆಳದಲ್ಲಿರುವಾಗಲೇ ಇಳಿದುಹೋದೀತು.

ಊರಿಗೆ ಹೊರಡುವ ಹಿಂದಿನ ದಿನ ‘ಕೊನೆಯ ಸಲ’ ಮುಳುಗಿ ಬರುವ ಹುಮ್ಮಸ್ಸಿನವರಿಗೆ ಒಂದು ಮಾತು. ಒಮ್ಮೆ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಮೇಲೆ ಒತ್ತಡ ಕಡಿಮೆಯಾಗಿ ಉಳಿದ ಸಾರಜನಕ ಗುಳ್ಳೆಯಾದೀತು. ಮುಳುಗಿ ಬಂದ ದಿನವೋ ಮರುದಿನವೋ ಕೀಲುನೋವು, ಜೋಮು, ತಲೆಸುತ್ತು, ಮೂತ್ರ ಕಟ್ಟುವುದು ಕಂಡರೆ ಸಂಧಿವಾತವೆಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಕರೆದೊಯ್ದು ಆಮ್ಲಜನಕ ಕೊಡಿಸಬೇಕು. ನಂತರ ಒತ್ತಡದ ಕೋಣೆಯಲ್ಲಿ ಗಂಟೆಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ. ನಮ್ಮ ಊರಿನ ವೈದ್ಯರಿಗೆ ಈ ರೋಗ ಕಾಣಸಿಗುವುದೇ ಅಪರೂಪ. ಆದ್ದರಿಂದ ನೀರಿಗಿಳಿದಿದ್ದ ಸಂಗತಿಯನ್ನು ಅವರು ಕೇಳುವ ಮೊದಲೇ ನೀವಾಗಿ ಹೇಳಿ.